ಎಂಟನೇ ಪಟ್ಟಿ

ದಸರೆ ಮುಗಿದ ಮರುವಾರ, ಗುರುವಾರ ನಡೆದದ್ದು. ಕಚೇರಿಯವರೆಲ್ಲ ಸಂಸಾರ ಸಮೇತ ಎರಡು ದಿನ ಪ್ರವಾಸ ಹೋಗಬೇಕು, ಖರ್ಚು ಕಡಿಮೆಯಿರಬೇಕು. ಜಾಗ ಹುಡುಕುವ ಕೆಲಸ ಗುಮಾಸ್ತನ ಕೊರಳಿಗೆ ಬಿತ್ತು. ಅವನು ಬರೆದ ಏಳು ಪಟ್ಟಿಗಳನ್ನೂ ಮ್ಯಾನೇಜರ್ ನಂಜರಾಜಯ್ಯ ಹರಿದೆಸೆದರು.

"ಶ್ರೀರಂಗಪಟ್ಟಣ, ಸಾರ್?"

"ನಮ್ಮ ಮಾವನ ಮನೆ ಹಿಂದಿನ ಹೊಳೆ ಮುಂದೆ ಅದ್ಯಾವ ಲೆಕ್ಕಾರೀ?"

"ನಂದಿಬೆಟ್ಟ?"

"ಮಾವನವರ ಊರಿನ ಗುಡ್ಡ ನೋಡಿದ್ದೀರಾ? ಮನೇಲಿ ಹನ್ನೆರಡು ಕೋಣೆ! ಆ ಊಟ! ಸಂಜೆಯೊಳಗೆ ಅಂಥಾ ಜಾಗ ತನ್ನಿ. ಇಲ್ಲಾಂದ್ರೆ ಪ್ರವಾಸ ರದ್ದು."

ಗುಮಾಸ್ತನಿಗೆ ತಲೆ ಕೆಟ್ಟುಹೋಯಿತು. ಮನೆಯಲ್ಲಿ ಹೆಂಡತಿ ಮಕ್ಕಳು ಆಗಲೇ ಬಟ್ಟೆ ಜೋಡಿಸಿಟ್ಟಿದ್ದರು. ಅವನು ಎಂಟನೇ ಪಟ್ಟಿ ಬರೆದು ನೇರವಾಗಿ ನೋಟೀಸ್ ಬೋರ್ಡಿಗೆ ಅಂಟಿಸಿದ.

"ಸ್ಥಳ: ಮ್ಯಾನೇಜರ್ ಸಾಹೇಬರ ಮಾವನ ಮನೆ. ಹೊಳೆ ಇದೆ, ಗುಡ್ಡ ಇದೆ, ಕೋಣೆ ಹನ್ನೆರಡು. ಖರ್ಚು: ಬಸ್ಸಿಗೆ ಮಾತ್ರ. ಬರುವವರು ಸಹಿ ಮಾಡಿ."

ಮೂರು ಗಂಟೆಗೆ ನಂಜರಾಜಯ್ಯ ಅದನ್ನು ಓದಿ ಬೆವರಿದರು.

"ಏನ್ರೀ ಇದು? ಮಾವನವರಿಗೆ ಹೇಳೋರ್ಯಾರು?"

"ನಂಬರ್ ಕೊಡಿ ಸಾರ್, ನಾನೇ ಹೇಳ್ತೀನಿ."

"ಬೇಡಪ್ಪಾ, ಬೇಡ! ನಂದಿಬೆಟ್ಟಕ್ಕೇನಾಗಿದೆ? ಬರ್ಕೊಂಡು ತನ್ನಿ, ಈಗಲೇ ಮಂಜೂರು ಮಾಡ್ತೀನಿ."

ಅಷ್ಟು ಹೊತ್ತಿಗೆ, ಬೋರ್ಡಿನ ಸಹಿಗಳ ಲೆಕ್ಕದಲ್ಲಿ, ಮಾವನ ಮನೆಗೆ ಹೊರಟು ನಿಂತಿದ್ದವರು, ಮಕ್ಕಳೂ ಸೇರಿ, ನಲವತ್ತೊಂದು ಜನ.