ಕೋಡಳಿವೆಯ ಕೌದಿಬಂಡೆ

ಕೋಡಳಿವೆಗೆ ಬರುವವರೆಲ್ಲ ಮೊದಲು ಕೇಳುವುದು ಒಂದೇ, ಆ ಬಂಡೆಗೆ ಬಣ್ಣ ಬಳಿದವರು ಯಾರು ಎಂದು. ಹೊಳೆ ಕಡಲನ್ನು ಸೇರುವ ಅಳಿವೆಯ ಬಡಗು ದಂಡೆಯಲ್ಲಿ ಒಂದು ಗುಡ್ಡವಿದೆ. ಅದರ ಕಡಲಕಡೆಯ ಮೈಯಲ್ಲಿ ಓರೆಯಾಗಿ ಮಲಗಿದ ಹಾಸುಬಂಡೆ, ಬಂಡೆಯ ತುಂಬ ಕೆಂಪು, ಹಳದಿ, ನೀಲಿ, ಹಸಿರು ಚೌಕಗಳು. ಒಂದರ ಅಂಚು ಇನ್ನೊಂದರ ಮೇಲೆ ಏರಿ ಕೂತಿದೆ, ಒಂದಕ್ಕೂ ನೆಟ್ಟಗಿನ ಗೆರೆಯಿಲ್ಲ. ಹೋದ ವರ್ಷ ಬಂದಿದ್ದ ಒಬ್ಬ ಮಹಾನುಭಾವ, ಇದು ಯಾವುದೋ ಪೇಂಟ್ ಕಂಪನಿಯ ಜಾಹೀರಾತು ಇರಬೇಕು ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ಕೂರಿಸಿ, ಬೆಲ್ಲ ನೀರು ಕೊಟ್ಟು, ಕಥೆ ಪೂರ್ತಿ ಕೇಳಿಸಿಯೇ ಕಳಿಸಿದೆ. ನಮ್ಮಜ್ಜಿ ನನಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಹಿಂದೆ ಒಮ್ಮೆ, ಹಾಯಿ ಬಿಟ್ಟರೆ ಬೇರೆ ಬಲವಿಲ್ಲದ ಕಾಲದಲ್ಲಿ, ಇಲ್ಲಿ ಜಟ್ಟಪ್ಪ ತಾಂಡೇಲ ಎಂಬವನಿದ್ದ. ಸರಕು ಸಾಗಿಸುವ ದೊಡ್ಡ ಹಾಯಿದೋಣಿಗೆ ನಮ್ಮಲ್ಲಿ ಮಂಜಿ ಎನ್ನುತ್ತಾರೆ. ಅದರ ಚುಕ್ಕಾಣಿ ಹಿಡಿಯುವ ಯಜಮಾನನೇ ತಾಂಡೇಲ. ಉಪ್ಪು, ತೆಂಗಿನಕಾಯಿ ಹೇರಿಕೊಂಡು ತೆಂಕಲಿಗೆ ಹೋಗುವುದು, ಅಕ್ಕಿ ತುಂಬಿಕೊಂಡು ಬರುವುದು ಅವನ ಕೆಲಸ. ಬಂದವನು ಉಂಡು ಸುಮ್ಮನೆ ಮಲಗುವ ಜಾತಿಯಲ್ಲ. ಹೆಂಡತಿ ಗಣಪಿಯ ಮುಂದೆ ಕೂತು, ನೇತ್ರಾಣಿ ದ್ವೀಪದ ಪಾರಿವಾಳ ಹಾಗೆ, ಮಲ್ಪೆಯಾಚೆಯ ಕಲ್ಲಿನ ಕಂಬಗಳು ಹೀಗೆ ಎಂದು ಕೈಬೀಸಿ ಕೈಬೀಸಿ ಬಣ್ಣಿಸುತ್ತಿದ್ದ. ಗಣಪಿ ಎಷ್ಟೋ ವರ್ಷ ಕೇಳಿದಳು. ಆಮೇಲೆ ಒಂದು ದಿನ, "ನಿಮ್ಮ ಮಾತು ಕೇಳಿ ಕೇಳಿ ಕಿವಿ ತುಂಬ್ತು. ಕಣ್ಣು ಖಾಲಿ ಉಳೀತು. ಈ ಸಲ ನಾನೂ ಬತ್ತೆ" ಎಂದಳು. ಊರಿಗೆ ಊರೇ ಎದ್ದು ಕೂತಿತು. ಮಂಜಿಯ ಮೇಲೆ ಹೆಂಗಸಿನ ಕಾಲು ಬಿದ್ದರೆ ಕಡಲು ಮುನಿಯುತ್ತದೆ ಎಂಬುದು ಅಂದಿನ ನಂಬಿಕೆ. ಎಲ್ಲರಿಗಿಂತ ದೊಡ್ಡ ಗಂಟಲು ಅತ್ತೆ ಸಣ್ಣಮ್ಮನದು. "ಹೆಂಗಸು ಹತ್ತಿದ ಮಂಜಿ ತಿರುಗಿ ದಡ ಕಾಣೂದಿಲ್ಲ!" ಆದರೆ ಆಸೆ ಹುಟ್ಟಿಸಿದವನು ತಾನೇ ಆದ್ದರಿಂದ ಜಟ್ಟಪ್ಪನಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ. ಕೊನೆಗೆ ಊರ ಹಿರಿಯರು ಒಂದು ಕಟ್ಟು ಮಾಡಿದರು. ಗಣಪಿ ಹೋಗಲಿ, ಆದರೆ ಮಂಜಿಗೆ ಏನಾದರೂ ಆದರೆ ಜಟ್ಟಪ್ಪ ಮತ್ತೆ ಚುಕ್ಕಾಣಿ ಮುಟ್ಟುವಂತಿಲ್ಲ, ಕೋಡಳಿವೆಯ ಯಾವ ಹೆಣ್ಣೂ ಇನ್ನು ಮುಂದೆ ಮಂಜಿ ಹತ್ತುವಂತಿಲ್ಲ.

ಹೊರಡುವ ದಿನ ಬೆಳಿಗ್ಗೆ ಗಣಪಿಗೆ ಕೈಕಾಲು ನಿಲ್ಲಲಿಲ್ಲ. ಅತ್ತೆಯ ಬಾಯಿಗೆ ಸಿಗಬಾರದೆಂದು ಮನೆಯ ಬಟ್ಟೆಯನ್ನೆಲ್ಲ ಒಗೆದಳು. ತವರಿನ ತಾಯಿಯ ಹಳೆ ಸೀರೆಗಳ ತುಂಡು ಜೋಡಿಸಿ ತಾನೇ ಹೊಲಿದಿದ್ದ ದೊಡ್ಡ ಕೌದಿಯನ್ನು ಕೊನೆಗೆ ಒಗೆದು, ಗುಡ್ಡದ ಒರತೆಯ ಪಕ್ಕದ ಈ ಬಂಡೆಯ ಮೇಲೆ ಹರವಿ, ಮೂಲೆಗೆ ಕಲ್ಲಿಟ್ಟಳು. ಅಷ್ಟರಲ್ಲಿ ಹಾಯಿ ಏರಿತೆಂದು ಕೂಗು ಕೇಳಿತು. ಓಡಿದಳು. ಮಂಜಿ ಅಳಿವೆ ದಾಟಿದ ಮೇಲೆ ನೆನಪಾಯಿತು. "ಅಯ್ಯೋ, ನನ್ನ ಕೌದಿ!" ಜಟ್ಟಪ್ಪ ನಕ್ಕ. "ಹೊರಟ ಮಂಜಿ ತಿರುಗ್ಸೂಕಾಗ್ತದ್ಯೇ ಮಾರಾಯ್ತಿ? ಇರಲಿ ಬಿಡು, ಯಾರೂ ಮುಟ್ಟೂದಿಲ್ಲ." ಅವನು ಹೇಳಿದ್ದರಲ್ಲಿ ಅರ್ಥವಿತ್ತು. ಕಡಲಿಗೆ ಹೋದವರು ಬಿಟ್ಟುಹೋದ ಸಾಮಾನನ್ನು ಅವರು ಬರುವ ತನಕ ಯಾರೂ ಎತ್ತಬಾರದು, ಎತ್ತಿದರೆ ಅವರು ಬರುವ ದಾರಿ ಕಡಿದಂತೆ. ಇದು ನಮ್ಮ ಕೇರಿಯ ಪದ್ಧತಿ, ಇಂದಿಗೂ ಉಂಟು.

ಆ ಪ್ರಯಾಣದ ಸಂಭ್ರಮವನ್ನು ಹೇಳುವಾಗ ನಮ್ಮಜ್ಜಿಯ ಮುಖ ನೋಡಬೇಕಿತ್ತು ನೀವು, ತಾನೇ ಹೋಗಿಬಂದ ಹಾಗೆ ಅರಳುತ್ತಿತ್ತು. ನೇತ್ರಾಣಿಯಲ್ಲಿ ಗಣಪಿ ಬಂಡೆಯ ಕೆಳಗೆ ಕೂತು ಪಾರಿವಾಳದ ಗುಟುರು ಕೇಳುತ್ತ ಏಳಲೇ ಇಲ್ಲ. ಭಟ್ಕಳದಲ್ಲಿ ಒಂದು ಬುಟ್ಟಿ ಮಲ್ಲಿಗೆ ತಂದು, ಬಾಡಿಹೋಗುತ್ತದೆಂದು ಮಂಜಿಯಲ್ಲಿದ್ದ ಆಳುಗಳ ಕಿವಿಗೂ ಸಿಕ್ಕಿಸಿದಳು. ಮೀಸೆ ಹೊತ್ತ ಗಂಡಸರು ಮಲ್ಲಿಗೆ ಮುಡಿದುಕೊಂಡೇ ಹಗ್ಗ ಎಳೆದರಂತೆ. ಮಲ್ಪೆಯಾಚೆಯ ದ್ವೀಪದಲ್ಲಿ ಸಾಲಾಗಿ ನಿಂತ ಕಲ್ಲಿನ ಕಂಬಗಳನ್ನು ಕಂಡು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಇಷ್ಟು ಚೆಂದ ಕಟ್ಟಿಗೆ ಒಟ್ಟಿಟ್ಟವರು ಯಾರು? ಅತ್ತೆಗೂ ಬರೂದಿಲ್ಲ!" ಜಟ್ಟಪ್ಪ ಬಿದ್ದು ಬಿದ್ದು ನಕ್ಕ. ಅದೇ ಕಡಲಲ್ಲಿ ಅವನು ಎಷ್ಟು ಸಲ ಓಡಾಡಿದ್ದನೋ, ಒಂದು ಕಣ್ಣು ಗಾಳಿಯ ಮೇಲೆ, ಇನ್ನೊಂದು ನೀರಿನ ಆಳದ ಮೇಲೆ. ಕಂಬದ ಸಂದಿನಲ್ಲಿ ಏಡಿ ಆಡುವುದನ್ನು ಅವಳು ತೋರಿಸಿದ ಮೇಲೆಯೇ ಕಂಡ. "ನಾನು ಇಷ್ಟು ವರ್ಷ ನೋಡಿದ್ದು ಎಂತದ್ದೋ ಏನೋ" ಎಂದನಂತೆ. ಪ್ರತಿ ತಂಗುದಾಣದಲ್ಲೂ ಇನ್ನೊಂದು ಗಳಿಗೆ, ಇನ್ನೊಂದು ಗಳಿಗೆ ಎಂದು ಅವಳು ರಾಗ ಎಳೆಯುವಳು, ಅವನು ಗೊಣಗುತ್ತಲೇ ನಿಲ್ಲಿಸುವನು. ಇಬ್ಬರಿಗೂ ಅಷ್ಟು ಸುಖದ ದಿನಗಳು ಹಿಂದೆ ಬಂದಿರಲಿಲ್ಲ.

ಹಿಂದಿರುಗುವಾಗ ಅಕಾಲದ ಗಾಳಿಮಳೆ ಹೊಡೆಯಿತು. ಗಂಗೊಳ್ಳಿಯ ಅಳಿವೆಯಲ್ಲಿ ಮರೆಯಾಗಿ ನಿಂತು, ಅದು ಸ್ವಲ್ಪ ತಗ್ಗಿದ ಮೇಲೆ ಹೊರಟರು. ಒಂದು ಸಂಜೆ ತಮ್ಮೂರ ಗುಡ್ಡಗಳು ಕಂಡವು, ಜಟ್ಟಪ್ಪನಿಗೆ ಮಾತ್ರ ದಾರಿಯ ಗುರುತು ಸಿಗಲಿಲ್ಲ. ಕೋಡಳಿವೆಯ ಬಾಯಿ ಇಕ್ಕಟ್ಟು. ತೆಂಕಲಲ್ಲಿ ಮರಳದಿಣ್ಣೆ, ಬಡಗಲಲ್ಲಿ ಮುಳುಗುಬಂಡೆ. ಗುಡ್ಡದ ನೆತ್ತಿಯ ಒಂಟಿ ತಾಳೆಮರಕ್ಕೆ ನೇರ ಗುರಿಯಿಟ್ಟು ಬಂದರೆ ಮಾತ್ರ ನಡುವಿನ ಆಳದಲ್ಲಿ ಒಳಗೆ ಹೋಗಬಹುದು. ಆ ತಾಳೆಮರವೇ ಇಲ್ಲ! ಗಾಳಿ ಬುಡಸಮೇತ ಕಿತ್ತೊಗೆದಿತ್ತು. ಮರವಿಲ್ಲದ ಮೇಲೆ ಆ ಸಾಲಿನ ಗುಡ್ಡಗಳೆಲ್ಲ ಒಂದೇ ಥರ. ಮತ್ತೆ ಗಾಳಿ ಏಳುತ್ತಿತ್ತು, ಹೊರಗೆ ಲಂಗರು ಹಾಕಿ ನಿಲ್ಲುವಂತಿರಲಿಲ್ಲ. ಜಟ್ಟಪ್ಪ ಚುಕ್ಕಾಣಿ ಹಿಡಿದು ಒಂದೊಂದೇ ಗುಡ್ಡದ ನೆತ್ತಿ ನೋಡಿದ. ಮಂಜಿ ದಿಣ್ಣೆಗೆ ಬಡಿದರೆ ತನ್ನ ಕೆಲಸವಷ್ಟೇ ಅಲ್ಲ, ಊರ ಹೆಣ್ಣುಮಕ್ಕಳೆಲ್ಲರ ಕಡಲೂ ಅಲ್ಲಿಗೆ ಮುಗಿಯಿತು. ಆಗ ಮುಂದೆ ನಿಂತಿದ್ದ ಗಣಪಿ ಕಿರುಚಿದಳು. "ಅಲ್ಲಿ ನೋಡಿ, ನನ್ನ ಕೌದಿ!"

"ಮುತ್ತುಗದ ಹೂವೇ ಅದು, ಸುಮ್ನಿರು" ಎಂದ ಜಟ್ಟಪ್ಪ.

"ಹಳದಿ ಪಕ್ಕ ನೀಲಿ, ಕೆಳಗೆ ಅಮ್ಮನ ಧಾರೆಸೀರೆಯ ಕೆಂಪು. ಹೊಲಿದವಳಿಗೆ ಗೊತ್ತಾಗೂದಿಲ್ವಾ? ಮರ ಇದ್ದದ್ದು ಆ ಬಂಡೆಯ ತಲೆ ಮೇಲೇ ಅಲ್ವಾ? ಅದಕ್ಕೇ ಗುರಿ ಇಡಿ!"

ಜಟ್ಟಪ್ಪ ಒಂದು ಗಳಿಗೆ ಹೆಂಡತಿಯ ಮುಖ ನೋಡಿದ. ಆಮೇಲೆ ಚುಕ್ಕಾಣಿ ತಿರುಗಿಸಿದ. ಎಡಕ್ಕೆ ಮುಳುಗುಬಂಡೆಯ ನೊರೆ, ಬಲಕ್ಕೆ ದಿಣ್ಣೆಯ ನೊರೆ, ನಡುವೆ ಕಪ್ಪು ನೀರು. ಒಂದು ಗೀರೂ ಬೀಳದೆ ಮಂಜಿ ಹೊಳೆಯೊಳಗೆ ಬಂದು ನಿಂತಿತು. ಆಳುಗಳು ಕುಣಿದರು, ದಡದಲ್ಲಿದ್ದ ಹಿರಿಯರು ಎಲೆಯಡಿಕೆಯ ಚೀಲ ಹುಡುಕುವ ನೆಪದಲ್ಲಿ ತಲೆ ತಗ್ಗಿಸಿದರು.

ಗಣಪಿ ನೇರ ಗುಡ್ಡ ಹತ್ತಿದಳು. ಅಷ್ಟು ಗಾಳಿಗೆ ಕೌದಿ ಹೇಗೆ ಉಳಿಯಿತೆಂಬುದು ಅಲ್ಲಿ ತಿಳಿಯಿತು. ಸುತ್ತಲೂ ಕಲ್ಲು ಹೇರಿತ್ತು, ಗಾಳಿ ಬಡಿಯುವ ಮೂಲೆಯಲ್ಲಿ ಮನೆಯ ರುಬ್ಬುಗುಂಡೇ ಕೂತಿತ್ತು. ಪಕ್ಕದಲ್ಲಿ ಮಳೆಗೆ ಹೊದೆಯುವ ಎಲೆಯ ಗೊರಬು ಹೊದ್ದು, ತೊಯ್ದು ತೊಪ್ಪೆಯಾಗಿ, ಅತ್ತೆ ಸಣ್ಣಮ್ಮ ಕೂತಿದ್ದಳು. "ಎಂತ ನೋಡ್ತೆ? ಕಡಲಿಗೆ ಹೋದವರ ಸಾಮಾನು ಎತ್ತೂಕಾಗ. ಹಂಗಂತ ಹಾರಿ ಹೋಗೂಕೆ ಬಿಡೂಕಾಗ್ತದ್ಯಾ? ಅದ್ಕೇ ಕೂತೆ." ಗಣಪಿ ಅತ್ತೆಯನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. ಸಣ್ಣಮ್ಮ ಸೊಸೆಯ ಬೆನ್ನು ಸವರುತ್ತ, "ಆ ಪಾರಿವಾಳ ಅಂಬುದು ನಿಜವಾಗೂ ಉಂಟಾ?" ಎಂದು ಕೇಳಿದಳಂತೆ. ಮಾರನೆಯ ವರ್ಷ ಮಂಜಿ ಹೊರಟಾಗ ಎಲ್ಲರಿಗಿಂತ ಮೊದಲು ಗಂಟು ಹಿಡಿದು ಹತ್ತಿ ಕೂತವಳು ಅವಳೇ. ರುಬ್ಬುಗುಂಡು ಇನ್ನೂ ಬಂಡೆಯ ಮೇಲೇ ಇದೆಯಲ್ಲ ಎಂದರೆ, "ಬಂದು ಎತ್ತುತ್ತೆ" ಎಂದಳು. ಬಂದಾಗಲೆಲ್ಲ ಮತ್ತೆ ಹೊರಡುವ ಆತುರ, ಗುಂಡು ಎತ್ತಲು ಅವಳಿಗೆ ಪುರುಸೊತ್ತೇ ಆಗಲಿಲ್ಲವಂತೆ.

ಬಿದ್ದ ತಾಳೆಮರದ ಬದಲು ಮಂಜಿಗಳಿಗೆ ಗುರಿಯಾಗಿ, ಕೌದಿ ಬಿಸಿಲಿಗೆ, ಮಳೆಗೆ ಹರಿದುಹೋಗುವ ತನಕ ಅಲ್ಲೇ ಇತ್ತು ಎನ್ನುತ್ತಾರೆ. ಆಮೇಲೆ ಊರ ಹೆಂಗಸರು ಅದರ ಚೌಕಗಳನ್ನೇ ಬಂಡೆಯ ಮೇಲೆ ಬಣ್ಣದಲ್ಲಿ ತುಂಬಿದರು. ಇಂದಿಗೂ ಕೋಡಳಿವೆಯಲ್ಲಿ ಮದುವೆಯಾದ ಜೋಡಿ ತನ್ನದೊಂದು ಚೌಕ ಬಳಿದು, ಒಟ್ಟಿಗೆ ದೋಣಿ ಹತ್ತಿ ಒಂದು ಸುತ್ತು ಹೋಗಿ ಬರುತ್ತದೆ. ನೀವು ಬಂಡೆ ನೋಡಲು ಹತ್ತಿದರೆ ತೆಂಕಣ ಮೂಲೆಯಲ್ಲಿ ನುಣ್ಣಗಿನ ಕಪ್ಪು ಗುಂಡುಕಲ್ಲೊಂದು ಕಾಣುತ್ತದೆ. ದಯವಿಟ್ಟು ಅದನ್ನು ಎತ್ತಲು ಹೋಗಬೇಡಿ. ಯಾರದೆಂದು ಕೇಳಿದರೆ ಇಲ್ಲಿಯ ಚಿಕ್ಕ ಮಕ್ಕಳೂ ಹೇಳುತ್ತಾರೆ: ಅದು ಸಣ್ಣಮ್ಮನದು, ಕಡಲಿಗೆ ಹೋಗಿದ್ದಾಳೆ, ಬಂದು ಎತ್ತುತ್ತಾಳೆ.