ಅರಿಶಿನ ಹಚ್ಚಿದ ಹೆಪ್ಪು

"ತೆರೆದಿಡಲೋ, ಮುಚ್ಚಿಬಿಡಲೋ? ನೀವೇ ಹೇಳಿಬಿಡಿ ಗುರುಗಳೇ," ಎಂದು ನೀಲಾಂಬಿಕೆ ಕೇಳಿದಳು.

ಅವಳು ಕೇಳಿದ್ದು ಮನೆಯ ಬಾಗಿಲಿನ ವಿಷಯವಲ್ಲ, ತನ್ನ ಬ್ಲಾಗಿನ ವಿಷಯ. ಮಧ್ಯಾಹ್ನದ ಊಟ ಮುಗಿಸಿ ಗುರುಗಳು ಮಠದ ಜಗಲಿಯ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. ಇಂಥ ಹೊತ್ತಿನಲ್ಲಿ ಯಾರಾದರೂ ಪ್ರಶ್ನೆ ಕೇಳಿದರೆ ಅವರಿಗೆ ರೇಗುವುದುಂಟು. ಆದರೆ ಹುಡುಗಿಯ ದನಿಯಲ್ಲಿ ಅಳು ಇತ್ತು. ಅವರು ಒಂದು ಕಣ್ಣು ತೆರೆದು ನೋಡಿದರು.

ನೀಲಾಂಬಿಕೆಯ ಬ್ಲಾಗಿನಲ್ಲಿ ಇದ್ದದ್ದು ಬರೀ ಕನಸುಗಳು. ಊರಿನವರು ಬೆಳಿಗ್ಗೆ ಎದ್ದು, ಕಂಡದ್ದು ಮರೆಯುವ ಮೊದಲೇ ಅವಳಿಗೆ ಬರೆದು ಕಳಿಸುತ್ತಿದ್ದರು. ಬರೆಯಲಾರದವರ ಮನೆಗೆ ಅವಳೇ ಹೋಗಿ ಕೇಳಿ ಬರೆದುಕೊಳ್ಳುತ್ತಿದ್ದಳು. ಹಾರ್ಮೋನಿಯಂ ರಿಪೇರಿ ಮಾಡುವ ಗುರುಪಾದಪ್ಪ ಅಂಥವರಲ್ಲಿ ಒಬ್ಬರು. ಚಿಕ್ಕಂದಿನಲ್ಲೇ ಕಣ್ಣು ಕಳೆದುಕೊಂಡ ಅವರಿಗೆ ಬಣ್ಣ ಕಾಣುತ್ತಿದ್ದದ್ದು ಕನಸಿನಲ್ಲಿ ಮಾತ್ರ. ಹಳದಿ ಬಣ್ಣದ ನದಿ, ನೇರಳೆ ಬಣ್ಣದ ಎತ್ತು, ಹೀಗೆ ಏನೇನೋ ಹೇಳುತ್ತಿದ್ದರು. ಹೇಳುವಾಗ ಮುಖವೆಲ್ಲ ನಗುವಾಗುತ್ತಿತ್ತು. ಹೋದ ವರ್ಷ ಅವರು ತೀರಿಕೊಂಡರು. ಅವರು ಕಂಡ ಬಣ್ಣಗಳು ಈಗ ನೀಲಾಂಬಿಕೆಯ ಬ್ಲಾಗಿನಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲ.

ಅವಳ ಗೆಳತಿಯೊಬ್ಬಳು ಅಡುಗೆಯ ಬ್ಲಾಗು ನಡೆಸುತ್ತಿದ್ದಳು. ಮೊನ್ನೆ ಅದಕ್ಕೆ ಯಾರೋ ನುಗ್ಗಿದರು. ಬೆಳಿಗ್ಗೆ ಎದ್ದು ನೋಡಿದರೆ ಹೋಳಿಗೆ ಸಾರು ಇದ್ದ ಜಾಗದಲ್ಲಿ ಜೂಜಿನ ಜಾಹೀರಾತು. ಅಂದಿನಿಂದ ನೀಲಾಂಬಿಕೆಗೆ ಊಟ ಸೇರದು.

"ಓದುಗರು ಬರೆಯೋ ಜಾಗ ಮುಚ್ಚಿಬಿಡ್ತೀನಿ ಗುರುಗಳೇ. ಹೊಸ ಕನಸು ಯಾರ ಹತ್ತಿರಾನೂ ಕೇಳಲ್ಲ. ಪಾಸ್‌ವರ್ಡ್ ಉದ್ದ ಮಾಡಿದ್ದೀನಿ. ಅದರ ಮೇಲೆ ಇನ್ನೊಂದು ಬೀಗ, ಫೋನಿಗೆ ಬರೋ ಸಂಖ್ಯೆ ಒತ್ತಿದರೇನೇ ಒಳಗೆ ಬಿಡುತ್ತೆ. ಎಲ್ಲ ಕನಸುಗಳ ಒಂದು ಪ್ರತಿ ಪೆನ್‌ಡ್ರೈವ್‌ನಲ್ಲಿ ಹಾಕಿ ದೇವರ ಮನೆಯಲ್ಲಿ ಇಟ್ಟಿದ್ದೀನಿ, ಅಜ್ಜಿಯ ಬೆಳ್ಳಿ ಭರಣಿಯಲ್ಲಿ. ಆಯುಧಪೂಜೆಗೆ ಅದಕ್ಕೂ ಕುಂಕುಮ ಹಚ್ಚಿದೆ."

"ಹಚ್ಚಿದೆಯಾ? ಭೇಷ್," ಎಂದರು ಗುರುಗಳು. "ಕೂತ್ಕೋ. ಒಬ್ಬ ಮೊಸರಿನವಳ ಕತೆ ಹೇಳ್ತೀನಿ. ನಡುವೆ ಬಾಯಿ ಹಾಕಬಾರದು. ಹಾಕೇ ಹಾಕ್ತೀಯ, ಅದೂ ಗೊತ್ತು."

ಕತೆ ಹೀಗಿತ್ತು.

ಹೊಳೆಯ ಈಚೆ ದಡದಲ್ಲಿ ಒಬ್ಬ ಮೊಸರಿನವಳು ಇದ್ದಳು. ಅವಳ ಮನೆಯ ಹೆಪ್ಪು ಅತ್ತೆಯಿಂದ ಬಂದದ್ದು. ಅತ್ತೆಗೆ ಅವಳ ಅತ್ತೆಯಿಂದ. ಅದರ ಆಚೆ ಯಾರಿಗೂ ನೆನಪಿಲ್ಲ. ಆ ಮೊಸರು ಉಂಡವರಿಗೆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ನಿದ್ದೆಯಲ್ಲಿ ಒಳ್ಳೆಯ ಕನಸು ಬೀಳುತ್ತಿತ್ತು. ದಾರಿಹೋಕರು ಅವಳ ಜಗಲಿಯ ಮೇಲೆ ಮೊಸರನ್ನ ಉಂಡು, ಅಲ್ಲೇ ಅಡ್ಡಾಗಿ, ಎದ್ದ ಮೇಲೆ ಕಂಡದ್ದನ್ನು ಒಬ್ಬರಿಗೊಬ್ಬರು ಹೇಳಿಕೊಂಡು ನಗುತ್ತಾ ಹೋಗುತ್ತಿದ್ದರು. ಅವರು ನಗುವುದನ್ನು ಕೇಳುವುದೇ ಅವಳಿಗೆ ಬದುಕು. ಗಂಡ ಇಲ್ಲ, ಮಕ್ಕಳಿಲ್ಲ. ಮೊಸರು ಹೋದರೆ ತಾನೂ ಇಲ್ಲ ಎಂದುಕೊಂಡಿದ್ದಳು.

ಹಾಗಂತ ಸದರ ಕೊಟ್ಟವಳಲ್ಲ. ಮಡಕೆಗೆ ಅವಳ ಚಮಚ ಬಿಟ್ಟು ಇನ್ನೊಬ್ಬರ ಚಮಚ ಇಳಿಯುವ ಹಾಗಿಲ್ಲ. ಊರ ಗೌಡನೇ ಬರಲಿ, ಜಗಲಿಯ ಮೇಲೆ ಕೂರಬೇಕು, ಎಲೆ ಮುಂದಿಟ್ಟುಕೊಳ್ಳಬೇಕು. ಬಡಿಸುವವಳು ಅವಳು. ಉಂಡವರು ಎಷ್ಟು ಬೇಕಾದರೂ ಮಾತಾಡಲಿ. ಯಾರಾದರೂ ಕೊಳಕು ಮಾತಾಡಿದರೆ ಪೊರಕೆ ಹಿಡಿದು ಎಬ್ಬಿಸುತ್ತಿದ್ದಳು. ಮಡಕೆಯ ಬಾಯಿಗೆ ಕಟ್ಟುವ ಬಟ್ಟೆಯನ್ನು ದಿನವೂ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಸೂಜಿಮೊನೆಯಷ್ಟು ತೂತು ಕಂಡರೂ ಅಂದೇ ಹೊಲಿಯಬೇಕು, ನಾಳೆ ಎಂಬ ಮಾತಿಲ್ಲ.

ನೀಲಾಂಬಿಕೆಗೆ ಕಸಿವಿಸಿಯಾಯಿತು. ಅವಳ ಬ್ಲಾಗು ತೆರೆದಾಗಲೆಲ್ಲ ಮೂಲೆಯಲ್ಲಿ ಒಂದು ಸೂಚನೆ ಬರುತ್ತಿತ್ತು, ಹೊಸ ಆವೃತ್ತಿ ಬಂದಿದೆ, ಹಾಕಿಕೊಳ್ಳಿ ಎಂದು. ಅವಳು ದಿನವೂ ನಾಳೆ ಎಂದು ಒತ್ತುತ್ತಿದ್ದಳು. ಅದನ್ನು ಗುರುಗಳಿಗೆ ಹೇಳಲಿಲ್ಲ.

ಮೊಸರಿನವಳಿಗೆ ಇದ್ದ ಹೆದರಿಕೆ ಒಂದೇ. ಹೆಪ್ಪು ಕೆಟ್ಟರೆ? ಬೇರೆ ಮನೆಗಳಲ್ಲಿ ಹೆಪ್ಪು ಕೆಟ್ಟರೆ ಪಕ್ಕದ ಮನೆಗೆ ಹೋಗಿ ಒಂದು ಚಮಚ ತರುತ್ತಾರೆ. ಇವಳು ತನ್ನ ಹೆಪ್ಪನ್ನು ಯಾರಿಗೂ ಕೊಟ್ಟಿರಲಿಲ್ಲ, ಮರಳಿ ತರಲು ಮನೆಯೇ ಇಲ್ಲ. ಕೊಟ್ಟರೆ ತನ್ನ ಮೊಸರು ಎಲ್ಲರ ಮೊಸರಾಗಿಬಿಡುತ್ತದೆ ಎಂಬ ದಿಗಿಲು. "ಮೊಸರು ಹೊಟ್ಟೆ ಬಿರಿಯೋ ಹಾಗೆ ಉಣ್ಣಿ. ಹೆಪ್ಪು ಮಾತ್ರ ಕೇಳಬೇಡಿ," ಎನ್ನುತ್ತಿದ್ದಳು. ಒಂದು ಬಿಳಿ ಬಟ್ಟೆಯನ್ನು ಮೊಸರಿನಲ್ಲಿ ಅದ್ದಿ, ನೆರಳಿನಲ್ಲಿ ಒಣಗಿಸಿ, ಮಡಿಸಿ, ದೇವರ ಗೂಡಿನಲ್ಲಿಟ್ಟಳು. ಹಾಗೆ ಒಣಗಿಸಿದ ಬಟ್ಟೆಯನ್ನು ಬೆಚ್ಚಗಿನ ಹಾಲಿಗೆ ಹಾಕಿದರೆ ಮೊಸರಾಗುತ್ತದೆ, ದೂರ ಪ್ರಯಾಣ ಹೋಗುವವರು ಮಾಡುವ ಉಪಾಯ ಅದು. ಇವಳು ಅಷ್ಟಕ್ಕೆ ಬಿಡಲಿಲ್ಲ. ಶುಕ್ರವಾರ ಬಂತೆಂದರೆ ಆ ಬಟ್ಟೆಗೆ ಅರಿಶಿನ ಹಚ್ಚಿ, ಧೂಪ ಹಾಕಿ, ಕೈಮುಗಿಯುತ್ತಿದ್ದಳು. ಎಷ್ಟು ವರ್ಷದ ಅರಿಶಿನವೋ, ಬಟ್ಟೆ ಹಲಗೆಯ ಹಾಗೆ ಗಟ್ಟಿಯಾಗಿತ್ತು. ಅದನ್ನು ನೋಡಿದರೆ ಅವಳಿಗೆ ಧೈರ್ಯ ಬರುತ್ತಿತ್ತು.

ಅದೇ ಮನೆಯಲ್ಲಿ ಅವಳ ಓರಗಿತ್ತಿ ಇದ್ದಳು. ಮೆತ್ತಗಿನ ಮನಸ್ಸಿನ ಹೆಂಗಸು. ಹೊಳೆಯಾಚೆ ದೋಣಿಯವನ ಹೆಂಡತಿಗೆ ಹೆರಿಗೆಯಾಗಿ ನಿದ್ದೆಯೇ ಬಾರದು ಎಂದು ಕೇಳಿ, ಒಂದು ದಿನ ಸೆರಗಿನಲ್ಲಿ ಮುಚ್ಚಿ ಒಂದು ಬಟ್ಟಲು ಹೆಪ್ಪು ಕೊಟ್ಟು ಬಂದಳು. ಗೊತ್ತಾಗದೆ ಇರುತ್ತದೆಯೇ? ಮೊಸರಿನವಳು ಮನೆ ಮೇಲೆ ಕೆಳಗೆ ಮಾಡಿದಳು. "ಮನೆ ಹೆಪ್ಪನ್ನ ಬೀದಿಗೆ ಹಾಕಿದೆಯಲ್ಲೇ! ನಿನ್ನ ಕೈ ಸೇದಿಹೋಗಲಿ!" ಅಂದಿನಿಂದ ಓರಗಿತ್ತಿಯ ಜೊತೆ ಮಾತು ನಿಂತಿತು. ಒಂದೇ ಒಲೆ, ಇಬ್ಬರ ಬೆನ್ನು ಆಚೆ ಈಚೆ.

ಹೀಗೇ ಕೆಲವು ವರ್ಷ ಕಳೆದ ಮೇಲೆ ಒಬ್ಬ ಮಡಕೆ ಮಾರುವವನು ಬಂದ. ಉಂಡ, ಮಲಗಿದ, ಎದ್ದು ಕಣ್ಣೊರೆಸಿಕೊಂಡ. "ಅಮ್ಮಾ, ಸತ್ತುಹೋದ ನಮ್ಮಪ್ಪ ಕನಸಿನಲ್ಲಿ ಬಂದು ತಲೆ ಸವರಿದ. ನಿಮಗೆ ಏನು ಕೊಟ್ಟರೂ ಕಡಿಮೆಯೇ," ಎಂದು ಗಾಡಿಯಿಂದ ಒಂದು ಮಡಕೆ ತೆಗೆದುಕೊಟ್ಟ. ಒಳಗೂ ಹೊರಗೂ ನೀಲಿ ಮೆರುಗು. ಬೆರಳಿನಿಂದ ತಟ್ಟಿದರೆ ಗಂಟೆಯ ನಾದ. ಯಾವ ಊರಿನ ಮಣ್ಣು, ಆ ಮೆರುಗಿಗೆ ಏನು ಬಳಿದಿದ್ದಾರೆ, ಅವನಿಗೂ ಗೊತ್ತಿಲ್ಲ, ಇವಳೂ ಕೇಳಲಿಲ್ಲ. ಪುಕ್ಕಟೆ ಬಂದದ್ದು, ಅಷ್ಟು ಚೆಂದದ್ದು. ಹಳೆಯ ಮಡಕೆಯಲ್ಲಿದ್ದ ಮೊಸರನ್ನು ಒಂದು ಹನಿ ಉಳಿಸದೆ ಹೊಸದಕ್ಕೆ ಸುರಿದಳು. ಹಳೆಯದನ್ನು ತೊಳೆದು ಬೋರಲು ಹಾಕಿದಳು.

"ಅಯ್ಯೋ, ನನ್ನ ಥೀಮ್!" ಎಂದಳು ನೀಲಾಂಬಿಕೆ. ಬ್ಲಾಗು ಚೆಂದ ಕಾಣಲಿ ಎಂದು ಅವಳು ಹೋದ ತಿಂಗಳು ಎಲ್ಲಿಂದಲೋ ಒಂದು ಹೊಸ ವಿನ್ಯಾಸವನ್ನು ಪುಕ್ಕಟೆಯಾಗಿ ಇಳಿಸಿಕೊಂಡು ಹಾಕಿದ್ದಳು.

"ಬಾಯಿ ಹಾಕ್ತೀಯ ಅಂದೆನಲ್ಲ. ಯಾರು ಮಾಡಿದ್ದು ಅದು, ಗೊತ್ತಾ?"

"ಇಲ್ಲ."

"ಹೂಂ. ಕೇಳು."

ಮರುದಿನ ಮಡಕೆಯ ಬಟ್ಟೆ ಬಿಚ್ಚಿದರೆ ಮೊಸರಿನ ಮೇಲೆ ನೀಲಿ ಗೆರೆ ಗೆರೆ. ಮೂಗು ಹತ್ತಿರ ಒಯ್ಯಲಾಗದ ವಾಸನೆ. ಹಿಂದಿನ ರಾತ್ರಿ ಅದನ್ನೇ ಉಂಡು ಜಗಲಿಯ ಮೇಲೆ ಮಲಗಿದ್ದವರು ಕೆಟ್ಟ ಕನಸು ಕಂಡು ಕಿರುಚಿ ಎದ್ದರು. ಒಬ್ಬರ ಮುಖ ಒಬ್ಬರು ನೋಡದೆ ಹೊರಟುಹೋದರು. ಆದರೂ ಮೊಸರಿನವಳು ಹೆದರಲಿಲ್ಲ. ದೇವರ ಗೂಡಿನಲ್ಲಿ ಬಟ್ಟೆ ಇದೆಯಲ್ಲ.

ನೀಲಿ ಮಡಕೆಯನ್ನು ಒಡೆದುಹಾಕಿ, ಹಳೆಯ ಮಡಕೆ ಎತ್ತಿ ನಿಲ್ಲಿಸಿದಳು. ಹಾಲು ಕಾಯಿಸಿ, ಆರಿಸಿ, ಕಿರುಬೆರಳು ಅದ್ದಿ ಹದ ನೋಡಿದಳು. ಕೈಮುಗಿದು ಬಟ್ಟೆಯನ್ನು ಹಾಲಿಗೆ ಬಿಟ್ಟಳು. ಕಾದಳು. ಹಾಲು ಹಳದಿಯಾಯಿತು. ಇನ್ನೂ ಕಾದಳು. ಅರಿಶಿನದ ಹಾಲಾಯಿತೇ ಹೊರತು ಮೊಸರಾಗಲಿಲ್ಲ. ಎಷ್ಟೋ ವರ್ಷದ ಪೂಜೆ ಹೆಪ್ಪಿನ ಜೀವವನ್ನೇ ತೆಗೆದಿತ್ತು. ಒಂದು ಸಲವಾದರೂ ಹಾಲಿಗೆ ಹಾಕಿ ನೋಡಿದ್ದರೆ ಗೊತ್ತಾಗುತ್ತಿತ್ತು. ನೋಡಿರಲಿಲ್ಲ.

ಅವಳು ಹೊಸ್ತಿಲ ಮೇಲೆ ಕುಸಿದು ಅತ್ತಳು. ಜಗಲಿ ಖಾಲಿಯಾಗಿತ್ತು. ಅಷ್ಟು ವರ್ಷ ಆ ಜಗಲಿಯ ಮೇಲೆ ಬಿದ್ದ ಕನಸೆಲ್ಲ ಎದ್ದು ಎಲ್ಲೋ ನಡೆದುಹೋಗುತ್ತಿರುವ ಹಾಗೆ ಅವಳಿಗೆ ಕಂಡಿತು. ಆಗ ಬೆನ್ನ ಹಿಂದಿನಿಂದ ಓರಗಿತ್ತಿ ಮೆಲ್ಲಗೆ ಹೇಳಿದಳು, "ಅಕ್ಕಾ, ಹೊಳೆಯಾಚೆ ಹೋಗಿ ಬಾ."

ಯಾವ ಮುಖ ಇಟ್ಟುಕೊಂಡು ಹೋಗುವುದು? ಆದರೂ ಹೋದಳು. ಸೆರಗಿನಲ್ಲಿ ಖಾಲಿ ಬಟ್ಟಲು ಮುಚ್ಚಿಕೊಂಡು ಹೊಳೆ ದಾಟುವಷ್ಟರಲ್ಲಿ ಹೊತ್ತು ಮುಳುಗಿತ್ತು. ದೋಣಿಯವನ ಹೆಂಡತಿ ಆಗಷ್ಟೇ ದೀಪ ಹಚ್ಚಿ ಬಾಗಿಲಿಗೆ ಬಂದಳು. ಬಟ್ಟಲು ನೋಡಿದೊಡನೆ ಅವಳಿಗೆ ಅರ್ಥವಾಯಿತು.

"ದೀಪ ಹಚ್ಚಿದ ಮೇಲೆ ಹೆಪ್ಪು ಹೊಸ್ತಿಲು ದಾಟಬಾರದಲ್ಲ ಅಕ್ಕಾ."

"ಅದು ನನ್ನದೇ ಹೆಪ್ಪು ಕಣೇ!"

"ನಿಮ್ಮದೇ. ಅದಕ್ಕೇ ಇನ್ನೂ ಜೋಪಾನ ಮಾಡಬೇಕು. ಬನ್ನಿ, ಕೈಕಾಲು ತೊಳೀರಿ. ಉಂಡು ಮಲಗಿ, ಬೆಳಿಗ್ಗೆ ಕೊಡ್ತೀನಿ."

ಮೊಸರಿನವಳು ಎಲೆಯ ಮುಂದೆ ಕೂತಳು. ಮೊದಲ ತುತ್ತು ಬಾಯಿಗೆ ಇಟ್ಟಾಗ ಅವಳ ಅತ್ತೆಯ ಕೈರುಚಿ. ತಾನು ಈಚೆಗೆ ಹಾಲನ್ನು ಸ್ವಲ್ಪ ಹೆಚ್ಚು ಕಾಯಿಸಿ ತಂದಿದ್ದ ಸಿಹಿ ಅದರಲ್ಲಿ ಇರಲಿಲ್ಲ. ಓರಗಿತ್ತಿ ಹೆಪ್ಪು ಕೊಟ್ಟ ದಿನ ರುಚಿ ಹೇಗಿತ್ತೋ ಹಾಗೇ ಉಳಿದಿತ್ತು, ಆಮೇಲೆ ತಾನು ಸೇರಿಸಿದ್ದು ಹೋಯಿತು. ಹೋದದ್ದಕ್ಕೆ ಅತ್ತಳೋ ಉಳಿದದ್ದಕ್ಕೆ ಅತ್ತಳೋ, ಎರಡೂ ಇರಬೇಕು. "ಇದನ್ನ ಇಷ್ಟು ವರ್ಷ ಹೇಗೆ ಉಳಿಸಿದೆಯೇ?" ಎಂದು ಕೇಳಿದಳು. "ಉಳಿಸೋದೇನು ಬಂತು ಅಕ್ಕಾ, ದಿನಾ ಹೆಪ್ಪು ಹಾಕ್ತೀನಿ, ದಿನಾ ಉಣ್ತೀವಿ. ಕೆಟ್ಟಿದ್ದರೆ ಅವತ್ತೇ ಗೊತ್ತಾಗ್ತಿತ್ತು," ಎಂದಳು ಅವಳು.

ಅಂದು ಮೊಸರಿನವಳಿಗೆ ಒಂದು ಕನಸು ಬಿತ್ತು. ಅತ್ತೆ ಹೊಳೆಯ ನೀರಿನ ಮೇಲೆ ನಡೆದುಕೊಂಡು ಹೋಗುತ್ತಿದ್ದಾಳೆ. ತಲೆಯ ಮೇಲೆ ಮಡಕೆ. ಎರಡೂ ದಡದ ಮನೆಗಳ ಬಾಗಿಲಲ್ಲಿ ಹೆಂಗಸರು ಬಟ್ಟಲು ಹಿಡಿದು ನಿಂತಿದ್ದಾರೆ. ಅತ್ತೆ ಒಂದೊಂದು ಚಮಚ ಹಾಕುತ್ತಾ ಹೋಗುತ್ತಾಳೆ, ಚಮಚ ಮಾತ್ರ ಯಾರ ಕೈಗೂ ಕೊಡುವುದಿಲ್ಲ. ಮಡಕೆ ಬರಿದಾಗುವುದಿಲ್ಲ. ಅತ್ತೆ ತಿರುಗಿ ನೋಡಿ ನಕ್ಕಳು.

ಬೆಳಿಗ್ಗೆ ಹೆಪ್ಪು ತಂದಳು. ಮೊದಲು ಓರಗಿತ್ತಿಯ ಕೈ ಹಿಡಿದುಕೊಂಡಳು, ಆಮೇಲೆ ಹಾಲಿಗೆ ಹೆಪ್ಪು ಹಾಕಿದಳು. ಜಗಲಿಗೆ ಜನ ಮೆಲ್ಲನೆ ಮರಳಿದರು. ಹಳೆಯ ಕಟ್ಟುನಿಟ್ಟು ಒಂದನ್ನೂ ಅವಳು ಬಿಡಲಿಲ್ಲ. ಆದರೆ ಆಗಾಗ ತಾನೇ ಹೊಳೆ ದಾಟಿ ಹೊಸ ಹೆಪ್ಪು ಕೊಟ್ಟು ಬರುತ್ತಿದ್ದಳು. ಕೊಟ್ಟು ಸುಮ್ಮನೆ ಬರುತ್ತಿರಲಿಲ್ಲ, ಅಲ್ಲೇ ಒಂದು ಊಟ ಉಂಡು, ಮೊಸರಾಗಿದೆಯೇ ಎಂದು ನೋಡಿಕೊಂಡು ಬರುತ್ತಿದ್ದಳು.

ಗುರುಗಳು ಇಷ್ಟು ಹೇಳಿ ಮತ್ತೆ ಕಣ್ಣು ಮುಚ್ಚಿದರು. ಹೊಂಗೆಯ ನೆರಳು ಜಗಲಿಯ ಮೇಲೆ ಹತ್ತಿ ಅವರ ಮೊಣಕಾಲಿನವರೆಗೆ ಬಂದಿತ್ತು. ನೀಲಾಂಬಿಕೆಗೂ ಅರೆನಿದ್ದೆಯಲ್ಲಿ ಕೂತ ಹಾಗಿತ್ತು. ಹಳದಿ ನದಿಯೊಂದು ಕಣ್ಣ ಮುಂದೆ ಹರಿದು ಹೋಯಿತು.

"ಹಾಗಾದರೆ ಮುಚ್ಚಬೇಡ ಅಂತೀರಾ?" ಎಂದು ಕೇಳಿದಳು.

"ಚಮಚ ಯಾರ ಕೈಗೂ ಕೊಡಬೇಡ ಅಂದೆ. ಬಡಿಸಬೇಡ ಅಂದೆನಾ?"

ಅವಳ ಮುಖ ಅರಳಿತು. ಎಷ್ಟೋ ದಿನದ ಮೇಲೆ ಹಸಿವೂ ಆಯಿತು. ಎದ್ದು ಗುರುಗಳಿಗೆ ನಮಸ್ಕಾರ ಮಾಡಿ, "ಈಗಲೇ ಹೋಗಿ ಆ ಪುಕ್ಕಟೆ ಥೀಮ್ ಕಿತ್ತುಹಾಕ್ತೀನಿ. ಹೊಸ ಆವೃತ್ತಿನೂ ಹಾಕ್ತೀನಿ. ಕೀಳುವಾಗ ಏನಾದರೂ ಹೆಚ್ಚುಕಮ್ಮಿ ಆದರೂ ಚಿಂತೆಯಿಲ್ಲ, ಗುರುಪಾದಪ್ಪನವರ ಕನಸು ಹೇಗೂ ನಮ್ಮನೆ ಭರಣಿಯಲ್ಲಿ..." ಎಂದಳು. ಮೆಟ್ಟಿಲ ಮೇಲೆ ಇಟ್ಟ ಕಾಲು ಅಲ್ಲೇ ಉಳಿಯಿತು.

ಗುರುಗಳು ಕಣ್ಣು ತೆರೆಯದೆ ಕೇಳಿದರು, "ಆ ಭರಣಿಯಲ್ಲಿ ಇರೋದು ಗುರುಪಾದಪ್ಪನ ಬಣ್ಣಗಳೋ, ಬರೀ ಕುಂಕುಮವೋ, ಒಂದು ಸಲವಾದರೂ ತೆಗೆದು ನೋಡಿದ್ದೀಯಾ ಮಗಳೇ?"