ಕಡಜದ ಕಣ್ಣು

"ಗುರುಗಳೇ, ನಾನು ಯಾವ ಲೆನ್ಸ್ ಕೊಳ್ಳಲಿ?" ಎಂದು ಧರಣೇಂದ್ರ ಕೇಳಿದ.

ಆ ವಾರದಲ್ಲಿ ಅವನು ಹೀಗೆ ಕೇಳಿದ್ದು ಅದು ನಾಲ್ಕನೆಯ ಸಲ. ಗುರುಗಳು ಮೂವತ್ತು ವರ್ಷ ಹುಳುಹುಪ್ಪಟೆಗಳ ಚಿತ್ರ ತೆಗೆದವರು. ಧರಣೇಂದ್ರ ಅವರ ಬಳಿ ಕಲಿಯಲು ಬಂದು ಎರಡು ವರ್ಷವಾಗಿತ್ತು. ಈಚೆಗೆ ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ಊಟ ರುಚಿಸುತ್ತಿರಲಿಲ್ಲ. ಹುಳುವನ್ನು ಅದರ ಅಳತೆಗೇ ತೋರಿಸುವ ಲೆನ್ಸ್ ಒಂದು. ಐದು ಪಟ್ಟು ದೊಡ್ಡದು ಮಾಡಿ ತೋರಿಸುವ ವಿಶೇಷ ಲೆನ್ಸ್ ಇನ್ನೊಂದು. ಇರುವ ಹಳೆಯದನ್ನೇ ಹಿಂದುಮುಂದಾಗಿ ತಿರುಗಿಸಿ ಕ್ಯಾಮೆರಾಕ್ಕೆ ಸಿಕ್ಕಿಸುವ ಉಪಾಯ ಮತ್ತೊಂದು. ಮೂರರ ಗುಣದೋಷಗಳನ್ನೂ ಕಾಗದದಲ್ಲಿ ಬರೆದು, ಹೊಡೆದುಹಾಕಿ, ಮತ್ತೆ ಬರೆದುಕೊಂಡು ಬಂದಿದ್ದ.

"ಐದು ಪಟ್ಟಿನದೇ ಬೇಕು ಅನ್ನಿಸುತ್ತದೆ. ಮರುಕ್ಷಣವೇ ಬೇಡ ಅನ್ನಿಸುತ್ತದೆ. ನೀವೇ ಒಂದು ಮಾತು ಹೇಳಿಬಿಡಿ," ಎಂದ.

"ಮೊದಲು ಆ ಕಾಗದ ಕೆಳಗಿಡು. ನಿನ್ನ ಕೈ ನಡುಗುವುದನ್ನು ನೋಡಿದರೆ ಯಾವ ಲೆನ್ಸ್ ಕೊಟ್ಟರೂ ಭೂಕಂಪದ ಚಿತ್ರವೇ ಬಂದೀತು," ಎಂದರು ಗುರುಗಳು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಫೋಟೋಗ್ರಾಫರ್ ಇದ್ದ. ಒಬ್ಬ ನೇಕಾರನ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದ. ನೇಕಾರನ ಹೆಂಡತಿ ಬಸುರಿ. ಅದಕ್ಕೆ ಮೊದಲು ಎರಡು ಸಲ ಬಸುರಾಗಿ, ಎರಡು ಸಲವೂ ಏಳನೆಯ ತಿಂಗಳಲ್ಲಿ ಮಗುವನ್ನು ಕಳೆದುಕೊಂಡಿದ್ದಳು. ಈಗ ಮತ್ತೆ ಏಳು ನಡೆಯುತ್ತಿತ್ತು. ಆ ಮನೆಯಲ್ಲಿ ಯಾರೂ ಜೋರಾಗಿ ಉಸಿರು ಬಿಡುತ್ತಿರಲಿಲ್ಲ.

ಆಗ ಒಂದು ಕಡಜ ಬಂದು ಮಗ್ಗದ ಮೇಲಿನ ಕಿಟಕಿಯ ಪಕ್ಕದಲ್ಲಿ ಮಣ್ಣಿನ ಗೂಡು ಕಟ್ಟತೊಡಗಿತು. ಬಸುರಿ ಇರುವ ಮನೆಯನ್ನೇ ಹುಡುಕಿಕೊಂಡು ಕಡಜ ಬರುತ್ತದೆ, ಅದರ ಗೂಡನ್ನು ಕೆಡವಬಾರದು ಎಂಬುದು ಆ ಕಡೆಯವರ ನಂಬಿಕೆ. "ಗೂಡಿನ ಬಾಯಿ ಮುಚ್ತು ಅಂದ್ರೆ ನಿಂಗೆ ಇನ್ನು ಭಯ ಇಲ್ಲ ಕಣವ್ವ," ಎಂದು ಅತ್ತೆ ಸೊಸೆಗೆ ಹೇಳಿದಳು. ಹಬ್ಬಕ್ಕೆ ಸುಣ್ಣ ಬಳಿಯುವಾಗ ನೇಕಾರ ಗೂಡಿನ ಸುತ್ತ ಒಂದು ಗೇಣು ಗೋಡೆಯನ್ನು ಹಾಗೇ ಬಿಟ್ಟ.

ನೀನು ನಗಬಹುದು. ಕಡಜಕ್ಕೂ ಬಸುರಿಗೂ ಏನು ಸಂಬಂಧ? ಒದ್ದೆ ಮಣ್ಣು ಹತ್ತಿರವಿದ್ದು ಗೋಡೆ ಒಣಗಿದ್ದರೆ ಕಡಜ ಬ್ರಹ್ಮಚಾರಿಯ ಮನೆಯಲ್ಲೂ ಗೂಡು ಕಟ್ಟುತ್ತದೆ. ಒಂದೊಂದಾಗಿ ಕೋಣೆ ಮಾಡಿ, ಒಳಗೆ ಮೊಟ್ಟೆಯಿಟ್ಟು, ಹುಟ್ಟುವ ಮರಿಗೆಂದು ಆಹಾರ ತುಂಬಿ, ಬಾಯಿ ಮುಚ್ಚಿ ಹೋಗುತ್ತದೆ. ಅಷ್ಟೇ. ಆದರೆ ಆ ಹೆಂಗಸು ತನ್ನ ಧೈರ್ಯವನ್ನೆಲ್ಲ ತಂದು ಅಲ್ಲಿ ಇಟ್ಟಿದ್ದಳು. ಬೇರೆಲ್ಲಿ ಇಡಬೇಕೋ ಅವಳಿಗೆ ಗೊತ್ತಿರಲಿಲ್ಲ.

ಫೋಟೋಗ್ರಾಫರ್ ತನ್ನ ಹಳೇ ಲೆನ್ಸಿನಲ್ಲಿ, ಒಂದು ಮೊಳ ದೂರದಿಂದ, ಕಡಜ ಮಣ್ಣಿನ ಉಂಡೆ ತರುವ ಚಿತ್ರ ತೆಗೆದ. ಚೆನ್ನಾಗಿಯೇ ಬಂತು. ಅವಳಿಗೆ ತೋರಿಸಿದ. ಅವಳು ಎಷ್ಟೋ ದಿನಗಳ ಮೇಲೆ ನಕ್ಕಳು. ಅಲ್ಲಿಗೆ ಅವನು ಸುಮ್ಮನಾಗಬಹುದಿತ್ತು.

ಅವನಿಗೆ ಸಮಾಧಾನವಾಗಲಿಲ್ಲ. ಕಡಜದ ಒಂದು ಕಣ್ಣೆಂದರೆ ಸಾವಿರಾರು ಪುಟ್ಟ ಕಣ್ಣುಗಳ ಗುಂಪು. ಅವುಗಳನ್ನು ಎಣಿಸುವಷ್ಟು ಸ್ಪಷ್ಟವಾಗಿ ಹಿಡಿಯಬೇಕೆಂದು ಹಟ ಹಿಡಿದ. ಐದು ಪಟ್ಟಿನ ಲೆನ್ಸ್ ತರಿಸಿದ.

ಆ ಲೆನ್ಸಿನ ಸ್ವಭಾವ ಕೇಳು. ದೂರದ್ದು ಯಾವುದೂ ಅದಕ್ಕೆ ಕಾಣಿಸದು. ಹುಳುವಿಗೆ ಎರಡು ಬೆರಳು ಹತ್ತಿರ ಹೋದರೆ ಮಾತ್ರ ಕಾಣಿಸುತ್ತದೆ, ಕೂದಲೆಳೆಯಷ್ಟು ಹಿಂದೆ ಸರಿದರೆ ಎಲ್ಲ ಮಂಜು. ಹುಳುವನ್ನು ಎಷ್ಟು ದೊಡ್ಡದು ಮಾಡುತ್ತದೋ ಹಿಡಿದವನ ಕೈನಡುಕವನ್ನೂ ಅಷ್ಟೇ ದೊಡ್ಡದು ಮಾಡುತ್ತದೆ. ಇವನು ಸ್ಟೂಲು ಹತ್ತಿ ಹತ್ತಿರ ಹೋದ. ಲೆನ್ಸಿನ ನೆರಳು ಬಿದ್ದೊಡನೆ ಕಡಜ ಹಾರಿತು. ಕಾದ. ಬಂತು. ಮತ್ತೆ ಹತ್ತಿರ ಹೋದ. ಮತ್ತೆ ಹಾರಿತು. ಮಗ್ಗದ ಬಡಿತಕ್ಕೆ ಗೋಡೆ ಅದುರುತ್ತದೆಂದು ನೇಕಾರನ ಮೇಲೆ ಸಿಡುಕಿ ಮಗ್ಗ ನಿಲ್ಲಿಸಿದ. ಗಾಳಿ ಬರುತ್ತದೆಂದು ಬಾಗಿಲು ಹಾಕಿಸಿದ. ಕೊನೆಗೆ ಉಸಿರು ಬಿಗಿಹಿಡಿದ. ಆಗ ತನ್ನ ಎದೆಬಡಿತಕ್ಕೇ ಚಿತ್ರ ಅಲುಗಿತು.

ನಮ್ಮ ಕಸುಬಿನವರಲ್ಲಿ ಒಂದು ರೂಢಿಯಿದೆ. ಅಲುಗುವ ಹುಳುವನ್ನು ಸೀಸೆಯಲ್ಲಿ ಹಿಡಿದು ಫ್ರಿಜ್ಜಿನಲ್ಲಿಡುತ್ತಾರೆ. ಚಳಿಗೆ ಅದು ಮರಗಟ್ಟುತ್ತದೆ. ಅದಕ್ಕೆ ಮತ್ತೆ ಜೀವ ಬರುವುದರೊಳಗೆ ಚಿತ್ರ ತೆಗೆದು ಬಿಟ್ಟುಬಿಡುತ್ತಾರೆ. ಹುಳುವಿಗೆ ಏನೂ ಆಗುವುದಿಲ್ಲ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ನಾನೂ ಹೇಳಿದ್ದೇನೆ, ಸುಳ್ಳೇಕೆ.

ಗೂಡಿನ ಕೊನೆಯ ಕೋಣೆಯ ಬಾಯಿ ಇನ್ನೂ ತೆರೆದಿತ್ತು. ಮಧ್ಯಾಹ್ನ ಅವಳು ಅಡುಗೆಮನೆಯಲ್ಲಿದ್ದಾಗ ಇವನು ಕಡಜವನ್ನು ಸೀಸೆಯಲ್ಲಿ ಹಿಡಿದು ತನ್ನ ಕೋಣೆಗೆ ತಂದ. ಫ್ರಿಜ್ಜಿನಲ್ಲಿಟ್ಟು ತೆಗೆದ. ಕಣ್ಣಿನ ನಡು ಸ್ಪಷ್ಟವಾದರೆ ಅಂಚು ಮಂಜು, ಅಂಚು ಸ್ಪಷ್ಟವಾದರೆ ನಡು ಮಂಜು. ಕ್ಯಾಮೆರಾವನ್ನು ಕೂದಲೆಳೆಯಷ್ಟು ಸರಿಸಿ ಸರಿಸಿ ಎಂಬತ್ತು ಚಿತ್ರ ತೆಗೆದು ಎಲ್ಲವನ್ನೂ ಸೇರಿಸಿ ಒಂದು ಮಾಡಬೇಕು. ನಲವತ್ತಕ್ಕೆ ಬರುವಷ್ಟರಲ್ಲಿ ಅದರ ಮೀಸೆ ಅಲುಗಿತು. ಮತ್ತೆ ಒಳಗಿಟ್ಟ. ಇನ್ನೊಮ್ಮೆ ಅಂದುಕೊಂಡ. ಇನ್ನೊಂದೇ ಸಲ ಅಂದುಕೊಂಡ. ಎಷ್ಟು ಸಲ ಇಟ್ಟನೆಂದು ಅವನಿಗೇ ನೆನಪಿಲ್ಲ. ಸಂಜೆಗೆ ಬೇಕಾದ ಚಿತ್ರ ಸಿಕ್ಕಿತು. ಕಡಜ ಆಮೇಲೂ ಅಲುಗಲಿಲ್ಲ. ಅದನ್ನು ಕಾಗದದಲ್ಲಿ ಸುತ್ತಿ ಹಿತ್ತಿಲಿನಾಚೆ ಎಸೆದ.

ಮರುದಿನ ಅವನು ಹೊರಗೆ ಹೊರಟಾಗ ಅವಳು ಕಿಟಕಿಯ ಕೆಳಗೆ ಕೂತಿದ್ದಳು.

"ಅಣ್ಣಾ, ನಿನ್ನೆಯಿಂದ ಕಡಜ ಬಂದೇ ಇಲ್ಲ. ಬಾಯಿ ಹಂಗೇ ಬಿಟ್ಟು ಹೋಗೈತೆ. ನೀವೇನಾದ್ರೂ ನೋಡಿದ್ರಾ?" ಎಂದು ಕೇಳಿದಳು.

"ಇಲ್ಲಮ್ಮ, ನೋಡಿಲ್ಲ."

"ಬರ್ತೈತೆ ಅಲ್ವಾ?"

"ಬರುತ್ತೆ," ಎಂದ.

ಹೊರಗೆ ಹೊರಟವನು ತಿರುಗಿ ಕೋಣೆಗೆ ಬಂದು ಬಾಗಿಲು ಹಾಕಿಕೊಂಡ. ಚಿತ್ರ ತೆರೆದ. ಮುಚ್ಚಿದ. ಮತ್ತೆ ತೆರೆದ. ಕೂತ, ಎದ್ದ, ಗೋಡೆಯಿಂದ ಗೋಡೆಗೆ ಓಡಾಡಿದ. ನಿಜ ಹೇಳಿಬಿಡಲೇ ಅಂದುಕೊಂಡು ಬಾಗಿಲವರೆಗೆ ಹೋಗಿ ಹಿಂದೆ ಬಂದ. ತಾನೇ ಒಂದು ಚಿಟಿಕೆ ಒದ್ದೆ ಮಣ್ಣು ಮೆತ್ತಿ ಗೂಡಿನ ಬಾಯಿ ಮುಚ್ಚಿಬಿಡುವುದು ಎಂದು ಯೋಚಿಸಿದ. ಅವಳಿಗೆ ಗೊತ್ತಾಗುತ್ತಿರಲಿಲ್ಲ, ಸಮಾಧಾನವಾಗುತ್ತಿತ್ತು. ಲೋಟದಲ್ಲಿ ಮಣ್ಣು ಕಲಸಿಕೊಂಡು ಬಾಗಿಲ ಸಂದಿಯಿಂದ ನೋಡುತ್ತ ನಿಂತ. ಅವಳು ಕಿಟಕಿಯ ಕೆಳಗಿನಿಂದ ಏಳಲೇ ಇಲ್ಲ. ಮಣ್ಣು ಒಣಗಿತು. ನೀರು ಹಾಕಿ ಮತ್ತೆ ಕಲಸಿದ.

ಹೀಗೆ ಎರಡು ದಿನ. ಅತ್ತೆ ತಟ್ಟೆಯನ್ನು ಅಲ್ಲಿಗೇ ತಂದುಕೊಟ್ಟರೂ ಅವಳು ಅನ್ನ ಮುಟ್ಟಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅವಳಿಗೆ ಹೊಟ್ಟೆನೋವು ಶುರುವಾಯಿತು. ನೇಕಾರ ಮಗ್ಗದಿಂದೆದ್ದು ಬರಿಗಾಲಲ್ಲಿ ಓಡಿ ಆಟೋ ತಂದ. ಅತ್ತೆ ಅವಳನ್ನು ತಬ್ಬಿ ಹಿಡಿದು ಕೂರಿಸಿದಳು. ಆಟೋ ಆಸ್ಪತ್ರೆಯ ದಾರಿ ಹಿಡಿಯಿತು. ಮನೆಯಲ್ಲಿ ಉಳಿದವನು ಫೋಟೋಗ್ರಾಫರ್ ಒಬ್ಬನೇ. ಈಗ ಕಿಟಕಿಯ ಕೆಳಗೆ ಯಾರೂ ಇರಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿ ನೀರು ಕುಡಿದರು. ಶಿಷ್ಯನ ಮುಖವನ್ನೇ ನೋಡುತ್ತ ಕೂತರು. ಅವನು ಏನೋ ಕೇಳುವವನಿದ್ದಾನೆಂದು ಅವರಿಗೆ ತಿಳಿದಿತ್ತು. ಅವಸರ ಮಾಡದೆ ಕಾದರು.

ಧರಣೇಂದ್ರ ಕೂತಲ್ಲೇ ಎರಡು ಸಲ ಸರಿದಾಡಿದ. ಬೆರಳ ನೆಟಿಕೆ ಮುರಿದ. ಕಡೆಗೆ ತಡೆಯಲಾರದೆ ಕೇಳಿಯೇಬಿಟ್ಟ.

"ಗುರುಗಳೇ, ಆ ಚಿತ್ರದಲ್ಲಿ ಕಣ್ಣಿನ ಅಂಚೂ ಸ್ಪಷ್ಟವಾಗಿ ಬಂದಿತ್ತೇ?"

"ಬಂದಿತ್ತು," ಎಂದರು ಗುರುಗಳು. "ಮಗು ಉಳಿಯಿತೇ ಎಂದು ನೀನು ಕೇಳಲಿಲ್ಲ."